ಬಾಣದ ಮೇಲೆ ಏನು ಬರೆಯುತ್ತೀರಿ?

ಪ್ರಶ್ನೆ: ನಾನು ಮಾನ್ವಿ ತಾಲ್ಲೂಕಿನವಳು. ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ಬಿ.ಕಾಂ. ಮುಗಿಸಿ ಊರಿಗೆ ಬಂದ ಮೇಲೆ ನೀರು ಬಳಕೆದಾರರ ಸಹಕಾರ ಸಂಘದ ಕಾರ್ಯದರ್ಶಿ ಕೆಲಸ ನನ್ನ ಪಾಲಿಗೆ ಬಂತು. ಸಭೆ ಕರೆದರೆ ಮೊದಲ ಹತ್ತು ನಿಮಿಷದಲ್ಲೇ ಜಗಳ. ಮೇಲಿನವರು ನೀರು ಬಿಡುತ್ತಿಲ್ಲ, ಯಾರೂ ಕರ ಕಟ್ಟುತ್ತಿಲ್ಲ, ಕಾಲುವೆಯಲ್ಲಿ ಹೂಳು ತುಂಬಿದೆ. ಅಧಿಕಾರಿಗಳನ್ನು ಕೇಳಿದರೆ ಜಲಾಶಯದಲ್ಲಿ ಇಷ್ಟು ಟಿಎಂಸಿ ಇದೆ ಎಂದು ಅಂಕಿ ಹೇಳುತ್ತಾರೆ. ಓದಿದ್ದು, ಕೇಳಿದ್ದು ಎಲ್ಲ ತಲೆಯಲ್ಲಿ ಗೋಜಲಾಗಿದೆ. ಇದನ್ನೆಲ್ಲ ಚಿತ್ರ ಬರೆದು ಅರ್ಥ ಮಾಡಿಕೊಳ್ಳಿ ಎಂದು ತರಬೇತಿಗೆ ಬಂದಿದ್ದವರೊಬ್ಬರು ಹೇಳಿ ಹೋದರು. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಬರೆದರೆ ನಿಜಕ್ಕೂ ಏನಾದರೂ ತಿಳಿಯುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿದ ಮೇಲೆ ಪೆನ್ಸಿಲ್ ತೆಗೆದುಕೊಂಡು ಅದನ್ನೇ ಒಂದು ಹಾಳೆಯ ಮೇಲೆ ಚಿತ್ರವಾಗಿ ಬರೆಯಲು ಕೂತೆ. ಜಲಾಶಯ, ಕಾಲುವೆ, ಮೇಲಿನವರು, ನಿಮ್ಮೂರು, ಸಂಘ, ಹೂಳು, ಅಧಿಕಾರಿಗಳು. ಏಳು ಹೆಸರು, ಏಳು ವೃತ್ತ. ಆಮೇಲೆ ಬಾಣ ಎಳೆಯಬೇಕು. ಮೊದಲ ಬಾಣಕ್ಕೇ ಕೈ ನಿಂತಿತು.

‘ಮೇಲಿನವರು ನೀರು ಬಿಡುತ್ತಿಲ್ಲ’ ಎಂದು ಬರೆದಿದ್ದೀರಿ. ಮೇಲಿನವರು ಅಂದರೆ ಯಾರು? ನಿಮ್ಮದೇ ಉಪಕಾಲುವೆಯ ತಲೆಯಲ್ಲಿ ಹೊಲ ಇರುವವರೇ? ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈತರೇ? ಗೇಟಿನ ಕೀಲಿ ಇಟ್ಟುಕೊಂಡಿರುವ ಗ್ಯಾಂಗ್‌ಮನ್ನೇ? ಗೇಜ್, ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ, ಎಷ್ಟಿರಬೇಕೆಂದು ಹೇಳುವ ಎಂಜಿನಿಯರೇ? ‘ಬಿಡುತ್ತಿಲ್ಲ’ ಅಂದರೆ ಏನು ಮಾಡುತ್ತಾರೆ? ತೂಬನ್ನು (ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಕಂಡಿಯನ್ನು) ಹೆಚ್ಚು ಹೊತ್ತು ತೆರೆದಿಡುತ್ತಾರೆಯೇ, ಪಂಪ್ ಹಚ್ಚಿ ಎತ್ತುತ್ತಾರೆಯೇ, ಕಾಲುವೆಗೆ ಅಡ್ಡ ಕಲ್ಲು ಮಣ್ಣು ಒಡ್ಡುತ್ತಾರೆಯೇ, ಅಥವಾ ಗೇಜೇ ಕಡಿಮೆ ಇಡುತ್ತಾರೆಯೇ? ಇವು ನಾಲ್ಕು ಬೇರೆ ಬೇರೆ ಬಾಣಗಳು. ನಾಲ್ಕಕ್ಕೂ ಹೋಗಿ ಮಾತಾಡಬೇಕಾದವರು ಬೇರೆ, ಕೇಳಬೇಕಾದ ಮಾತೂ ಬೇರೆ. ಮಾತಿನಲ್ಲಿ ಸಲೀಸಾಗಿ ಸಾಗಿಹೋದ ಒಂದು ವಾಕ್ಯ ಹಾಳೆಯ ಮೇಲೆ ಒಂದು ಅಂಗುಲವೂ ಮುಂದೆ ಹೋಗಲಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ. ಚಿತ್ರ ಬರೆದರೆ ಖಂಡಿತ ತಿಳಿಯುತ್ತದೆ. ಆದರೆ ಮೊದಲು ತಿಳಿಯುವುದು ನಮಗೆ ಯಾವುದು ಗೊತ್ತಿಲ್ಲ ಎಂಬುದು. ಬಾಣ ಎಲ್ಲಿಂದ ಹೊರಡಬೇಕು, ಎಲ್ಲಿಗೆ ಮುಟ್ಟಬೇಕು, ಅದರ ಮೇಲೆ ಯಾವ ಕ್ರಿಯಾಪದ ಬರೆಯಬೇಕು ಎನ್ನುವ ಮೂರು ಪ್ರಶ್ನೆಗೆ ಹಾಳೆ ಉತ್ತರ ಕೇಳಿಯೇ ಕೇಳುತ್ತದೆ. ‘ಸಂಬಂಧ ಇದೆ’ ಎಂದು ಬರೆದು ತಪ್ಪಿಸಿಕೊಳ್ಳಬೇಡಿ. ಎತ್ತುತ್ತದೆ, ಮುಚ್ಚುತ್ತದೆ, ಕಟ್ಟುತ್ತದೆ, ಹೆದರಿಸುತ್ತದೆ, ತಡೆಯುತ್ತದೆ: ಹೀಗೆ ಮಾಡುವ ಮಾತೇ ಬೇಕು. ಅದು ಸಿಗದಿದ್ದರೆ ಬಾಣದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ನನ್ನ ಅನುಭವದಲ್ಲಿ ಒಂದು ಒಳ್ಳೆಯ ಮೊದಲ ಚಿತ್ರದ ಅರ್ಧದಷ್ಟು ಬಾಣಗಳ ಮೇಲೆ ಆ ಚಿಹ್ನೆ ಇರುತ್ತದೆ. ಮರುದಿನದಿಂದ ಅವೇ ನಿಮ್ಮ ಕೆಲಸದ ಪಟ್ಟಿ.

ತಲೆಯಲ್ಲಿ ಗೋಜಲಾಗಿದೆ ಎಂದಿರಿ. ಅದು ನಿಮ್ಮ ಕೊರತೆ ಅಂದುಕೊಳ್ಳಬೇಡಿ. ಮನುಷ್ಯನ ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಸುಮಾರು ನಾಲ್ಕು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಕಲೆಹಾಕಿ ವಾದಿಸಿದರು. ನಿಮ್ಮ ಕಾಲುವೆಯ ಸಂಗತಿ ನಾಲ್ಕಲ್ಲ, ನಲವತ್ತು. ಐದನೆಯದನ್ನು ಯೋಚಿಸುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. ಸಭೆಯಲ್ಲಿ ಹತ್ತು ನಿಮಿಷಕ್ಕೇ ಜಗಳವಾಗುವುದಕ್ಕೂ ಇದು ಒಂದು ಕಾರಣ ಎಂದು ನಾನು ಬಲವಾಗಿ ನಂಬಿದ್ದೇನೆ. ಒಬ್ಬೊಬ್ಬರು ತಮ್ಮ ಕೈಗೆ ಸಿಕ್ಕ ನಾಲ್ಕು ಸಂಗತಿ ಹಿಡಿದು ಕೂತಿರುತ್ತಾರೆ, ಪಕ್ಕದವರ ನಾಲ್ಕು ಬೇರೆ.

ಇನ್ನೊಂದು ಸಂಗತಿ. 1987ರಲ್ಲಿ ಜಿಲ್ ಲಾರ್ಕಿನ್ ಮತ್ತು ಹರ್ಬರ್ಟ್ ಸೈಮನ್ ಎಂಬ ಇಬ್ಬರು ವಿಜ್ಞಾನಿಗಳು ರಾಟೆ, ಹಗ್ಗ, ತೂಕಗಳ ಒಂದು ಲೆಕ್ಕವನ್ನು ವಾಕ್ಯಗಳಲ್ಲೂ ಚಿತ್ರದಲ್ಲೂ ಇಟ್ಟು ಹೋಲಿಸಿದರು. ಎರಡರಲ್ಲೂ ಇರುವ ಮಾಹಿತಿ ಒಂದೇ. ಆದರೆ ವಾಕ್ಯಗಳಲ್ಲಿ ಬೇಕಾದ್ದನ್ನು ಹುಡುಕಲು ಪಟ್ಟಿಯನ್ನು ಮತ್ತೆ ಮತ್ತೆ ಮೇಲಿಂದ ಕೆಳಕ್ಕೆ ಓದಬೇಕು. ಚಿತ್ರದಲ್ಲಿ ಒಂದಕ್ಕೊಂದು ತಗಲಿಕೊಂಡಿರುವ ಸಂಗತಿಗಳು ಒಂದೇ ಜಾಗದಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಕಣ್ಣು ಹಾಯಿಸಿದರೆ ಸಾಕು. ಚಿತ್ರದ ಬಲ ಇರುವುದು ಆ ‘ಅಕ್ಕಪಕ್ಕ’ದಲ್ಲಿ. ಅಂದ ಚಂದಕ್ಕೆ ಇಲ್ಲಿ ಕೆಲಸವಿಲ್ಲ. ಸಂಕ್ರಾಂತಿಗೆ ಚುಕ್ಕಿ ಎಣಿಸಿ ರಂಗೋಲಿ ಹಾಕಿದ ಕೈ ನಿಮ್ಮದಾಗಿದ್ದರೆ ನನ್ನ ಕೈಗಿಂತ ನಿಮ್ಮದು ಎಷ್ಟೋ ಮೇಲು. ಹಾಕಿರದಿದ್ದರೂ ವೃತ್ತ, ಗೆರೆ, ಬಾಣ ಇಷ್ಟು ಬಂದರೆ ಆಯಿತು.

ಈಗ ಎಲ್ಲಿಂದ ಶುರು ಎಂಬುದಕ್ಕೆ ಬರೋಣ.

ಮೊದಲ ಚಿತ್ರ ನಕ್ಷೆಯೇ ಆಗಲಿ. ಕಾರಣ, ಪರಿಣಾಮ ಎಲ್ಲ ಆಮೇಲೆ. ನಿಮ್ಮ ಉಪಕಾಲುವೆ ಮುಖ್ಯ ಕಾಲುವೆಯಿಂದ ಕವಲೊಡೆಯುವ ಜಾಗದಿಂದ ಕೊನೆಯ ಹೊಲಗಾಲುವೆಯವರೆಗೆ ಒಂದು ಗೆರೆ. ಅದರ ಮೇಲೆ ತೂಬುಗಳು, ಅಕ್ಕಪಕ್ಕದ ಹಳ್ಳ, ಸೇತುವೆ, ಬೆಳೆ. ಅಳತೆ ಸರಿಯಿರಬೇಕಿಲ್ಲ, ಅನುಕ್ರಮ ಸರಿಯಿರಬೇಕು. ಇದನ್ನು ಕಚೇರಿಯಲ್ಲಿ ಕೂತು ಬರೆಯಬೇಡಿ. ನೆಲದ ಮೇಲೆ, ಜನರ ನಡುವೆ ಬರೆಯಿರಿ.

ಸಿಂಧನೂರು ತಾಲ್ಲೂಕಿನ ಒಂದು ಊರಲ್ಲಿ ಹನುಮಪ್ಪನ ಗುಡಿಯ ಹಾಸುಗಲ್ಲಿನ ಮೇಲೆ ಹೀಗೆ ಬರೆಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕಾಲುವೆಗೆ ಇದ್ದಿಲು, ನೆಲ್ಲು (ಭತ್ತ) ಹಚ್ಚಿದ ಕಡೆ ನಾಲ್ಕು ಕಾಳು ನೆಲ್ಲು, ಹತ್ತಿ ಇರುವ ಕಡೆ ಹತ್ತಿ ಬೀಜ, ಜವಳು ಹಿಡಿದ ಹೊಲಕ್ಕೆ ಒಂದು ಚಿಟಿಕೆ ಉಪ್ಪು. ಹೊಲದ ಮಾಲೀಕರು ಸುತ್ತ ಕೂತು ಒಂದೊಂದು ತೂಬು ಗುರುತು ಮಾಡುತ್ತಿದ್ದರು. ಕಟ್ಟೆಯ ಕೆಳಗೆ ನಿಂತು ನೋಡುತ್ತಿದ್ದ ನಾಟಿ ಕೂಲಿಯ ಹೆಂಗಸರಲ್ಲಿ ವಯಸ್ಸಾದವರೊಬ್ಬರು ಸುಮಾರು ಹೊತ್ತು ಸುಮ್ಮನಿದ್ದು, ಆಮೇಲೆ ಬಂದು ಬೆರಳಿಟ್ಟು ತೋರಿಸಿದರು. “ಯಪ್ಪಾ, ಈ ತೂಬಿಗಿ ಹಗಲೊತ್ತು ನೀರು ಬರಂಗಿಲ್ರಿ. ರಾತ್ರಿ ಬರ್ತೈತಿ. ನಾವು ಬೆಳಿಗ್ಗಿ ನಾಟಿಗಿ ಹೋದಾಗ ಮಡಿ ತುಂಬಿರ್ತೈತಿ, ಮಧ್ಯಾಹ್ನಕ್ಕ ಕಾಲುವಿ ಬತ್ತಿರ್ತೈತಿ.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅಷ್ಟು ಹೊತ್ತು ನಾವು ಬರೆದ ನಕ್ಷೆಯಲ್ಲಿ ಜಾಗ ಇತ್ತು, ಹೊತ್ತು ಇರಲಿಲ್ಲ. ಹಗಲಿಗೊಂದು, ರಾತ್ರಿಗೊಂದು ಎಂದು ಪಕ್ಕದಲ್ಲೇ ಇನ್ನೊಂದು ನಕ್ಷೆ ಬರೆದೆವು. ಹಗಲು ಮೇಲಿನ ತೂಬುಗಳ ಹತ್ತಿರ ಆಳು ನಿಂತಿರುತ್ತಾರೆ, ರಾತ್ರಿ ಮನೆಗೆ ಹೋಗುತ್ತಾರೆ, ಆಗ ನೀರು ಕೆಳಗೆ ಇಳಿಯುತ್ತದೆ. ಕೊನೆಭಾಗಕ್ಕೆ ನೀರೇ ಬರುವುದಿಲ್ಲ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಊರಿಗೆ, ನೀರು ಬರುತ್ತದೆ ಆದರೆ ಕಾಯುವವರಿಲ್ಲದ ಹೊತ್ತಿನಲ್ಲಿ ಬಂದು ಹಳ್ಳ ಸೇರುತ್ತದೆ ಎಂಬುದು ಆ ಬೆರಳಿನಿಂದ ಗೊತ್ತಾಯಿತು. ಹತ್ತಾರು ಹೊಲಗಳಲ್ಲಿ ನೀರಿನ ಜೊತೆ ನಡೆಯುವವರು ನಾಟಿ ಹೆಂಗಸರು. ಒಬ್ಬ ಮಾಲೀಕನಿಗೆ ತನ್ನ ತೂಬಿನ ಲೆಕ್ಕ ಮಾತ್ರ ಗೊತ್ತು. ಅವರನ್ನು ನಾವು ಸಭೆಗೆ ಕರೆದೇ ಇರಲಿಲ್ಲ. ನೀವು ಕರೆಯಿರಿ.

ಎರಡನೇ ಚಿತ್ರ ತೊಟ್ಟಿ ಮತ್ತು ನಲ್ಲಿ. ಅಧಿಕಾರಿಗಳು ಟಿಎಂಸಿ ಲೆಕ್ಕ ಹೇಳುತ್ತಾರೆ ಎಂದಿರಲ್ಲ, ಅದಕ್ಕೆ ಇದು. ಟಿಎಂಸಿ ಎಂದರೆ ತೊಟ್ಟಿಯಲ್ಲಿ ನಿಂತ ನೀರಿನ ಪ್ರಮಾಣ, ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ನಲ್ಲಿಯಲ್ಲಿ ಹರಿಯುವ ವೇಗದ ಲೆಕ್ಕ, ಸೆಕೆಂಡಿಗೆ ಒಂದು ಘನ ಅಡಿ. ಒಂದು ಇಡೀ ದಿನ 11,574 ಕ್ಯುಸೆಕ್ ಹರಿದರೆ 1 ಟಿಎಂಸಿ. ಕಾಲುವೆಯಲ್ಲಿ 4,000 ಕ್ಯುಸೆಕ್ ಬಿಟ್ಟರೆ ಹೆಚ್ಚುಕಡಿಮೆ ಮೂರು ದಿನಕ್ಕೆ 1 ಟಿಎಂಸಿ ಖರ್ಚು. ಈ ಎರಡನ್ನು ಕಲಸಿ ಮಾತಾಡಿದಾಗಲೇ ಸಭೆಯಲ್ಲಿ ಅರ್ಧ ಗೊಂದಲ ಹುಟ್ಟುತ್ತದೆ.

ಹಾಳೆಯ ಎಡಕ್ಕೆ ಒಂದು ದೊಡ್ಡ ತೊಟ್ಟಿ ಬರೆಯಿರಿ. ಒಳಗೆ ಬರುವ ನಲ್ಲಿ ಒಂದು, ತುಂಗೆ ಭದ್ರೆಯರ ಒಳಹರಿವು. ಹೊರಗೆ ಹೋಗುವ ನಲ್ಲಿಗಳನ್ನು ಒಂದೊಂದಾಗಿ ಹಾಕುತ್ತ ಬನ್ನಿ: ಎಡದಂಡೆ ಕಾಲುವೆ, ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳು, ವಿಜಯನಗರದ ಕಾಲದಿಂದ ಇವತ್ತಿಗೂ ಹರಿಯುತ್ತಿರುವ ರಾಯ, ಬಸವಣ್ಣ ಕಾಲುವೆಗಳು, ನದಿಗೆ ಬಿಡುವ ನೀರು, ಬಿಸಿಲಿಗೆ ಆವಿಯಾಗಿ ಹೋಗುವುದು. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರಕ್ಕೂ ಈ ತೊಟ್ಟಿಯಲ್ಲಿ ಪಾಲಿದೆ. ತೊಟ್ಟಿಯ ತಳದಲ್ಲಿ ಕಪ್ಪಗೆ ಒಂದು ಪಟ್ಟಿ ಬಳಿಯಿರಿ, ಅದು ಹೂಳು. 1953ರಲ್ಲಿ ಅಣೆಕಟ್ಟು ಮುಗಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಲೆಕ್ಕದಲ್ಲಿ 105.78 ಟಿಎಂಸಿಗೆ ಇಳಿದಿದೆ. ಬಲಕ್ಕೆ, ಹಾಳೆಯ ಇನ್ನೊಂದು ತುದಿಯಲ್ಲಿ, ನಿಮ್ಮ ತೂಬು. ನಡುವೆ 200 ಕಿಲೋಮೀಟರಿಗೂ ಮೀರಿ ಹರಿಯುವ ಕಾಲುವೆಯ ಎಷ್ಟೋ ಕವಲುಗಳು. ‘ಜಲಾಶಯದಲ್ಲಿ ಇಷ್ಟಿದೆ’ ಎಂಬ ಉತ್ತರ ‘ನಮ್ಮ ತೂಬಿಗೆ ಯಾಕೆ ಬರುತ್ತಿಲ್ಲ’ ಎಂಬ ಪ್ರಶ್ನೆಗೆ ಎಷ್ಟು ದೂರದ ಉತ್ತರ ಎಂಬುದು ಆ ಹಾಳೆ ನೋಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀವು ಕೇಳಬೇಕಾದ ಅಂಕಿ ಟಿಎಂಸಿ ಅಲ್ಲ. ನಿಮ್ಮ ಉಪಕಾಲುವೆಯ ತಲೆಯಲ್ಲಿ ಗೇಜ್ ಎಷ್ಟು, ನಡುವೆ ಎಷ್ಟು, ಕೊನೆಗೆ ಎಷ್ಟು, ದಿನಕ್ಕೆ ಎರಡು ಹೊತ್ತು. ಅದನ್ನು ಕೇಳಿ.

ಈ ತೊಟ್ಟಿಯ ಚಿತ್ರ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು 2024ರ ಆಗಸ್ಟ್‌ನಲ್ಲಿ ನೋಡಿದೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ (ಹೆಚ್ಚಿನ ನೀರನ್ನು ನದಿಗೆ ಬಿಡುವ ಮೇಲಿನ ಗೇಟು) ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಮೇಲೆ ಉಳಿದ ಗೇಟುಗಳನ್ನೂ ತೆರೆದರು. ಹೋಗುತ್ತಿರುವ ನೀರೇ ಸಾಲದೆ ಇನ್ನೂ ಯಾಕೆ ಬಿಡುತ್ತಾರೆ ಎಂದು ನಮ್ಮ ಕಡೆಯ ರೈತರು ಹೊಟ್ಟೆ ಉರಿದುಕೊಂಡರು. ಟೀ ಅಂಗಡಿಯ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಅಣೆಕಟ್ಟಿನ ಅಡ್ಡನೋಟ ಬರೆದು, ನೀರಿನ ಮಟ್ಟದ ಗೆರೆ ಎಳೆದು, ಆ ಗೆರೆ ಕೆಳಗಿಳಿಯದೆ ತೆರೆದ ಕಂಡಿಗೆ ತಡೆಹಲಗೆ ಇಳಿಸುವುದು ಎಷ್ಟು ಕಷ್ಟ, ಒತ್ತಡ ಇಳಿಯದಿದ್ದರೆ ಉಳಿದ 32 ಗೇಟುಗಳ ಗತಿ ಏನು ಎಂದು ತೋರಿಸಿದಾಗ ಸಿಟ್ಟು ಹೋಗಲಿಲ್ಲ, ಆದರೆ ಪ್ರಶ್ನೆ ಬದಲಾಯಿತು. ಚೈನು ಇಷ್ಟು ವರ್ಷ ಯಾರು ನೋಡುತ್ತಿದ್ದರು ಎಂದು ಕೇಳತೊಡಗಿದರು. ಕೇಳಬೇಕಾದ ಪ್ರಶ್ನೆಯೇ ಅದು. ಸುಮಾರು ಒಂದು ವಾರದಲ್ಲಿ ತಡೆಹಲಗೆ ಕೂಡಿಸಿದರು, ನೀರು ನಿಂತಿತು.

ಮೂರನೆಯದು ಕಾರಣದ ಚಿತ್ರ. ನನಗೆ ಅತ್ಯಂತ ಪ್ರಿಯವಾದದ್ದು ಇದೇ, ಹೆಚ್ಚು ಜನ ತಪ್ಪು ಮಾಡುವುದೂ ಇಲ್ಲೇ. ಜೇ ಫಾರೆಸ್ಟರ್ 1950ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರು ಮಾಡಿದ ಸಿಸ್ಟಮ್ ಡೈನಮಿಕ್ಸ್ (ಸಂಗತಿಗಳು ಸುತ್ತಾಗಿ ಒಂದನ್ನೊಂದು ಬದಲಿಸುವುದರ ಅಧ್ಯಯನ) ಪರಂಪರೆಯಿಂದ ಬಂದ ರೂಢಿ ಇದು. ನಿಯಮ ಎರಡೇ. ವೃತ್ತದೊಳಗೆ ಬರೆಯುವುದು ಹೆಚ್ಚು ಕಡಿಮೆ ಆಗಬಲ್ಲ ಸಂಗತಿಯಾಗಿರಬೇಕು: ‘ಸಂಘ’ ಎಂದು ಬರೆಯಬೇಡಿ, ‘ಸಂಘದ ಕೈಯಲ್ಲಿರುವ ಹಣ’ ಎಂದು ಬರೆಯಿರಿ. ಬಾಣದ ತುದಿಯಲ್ಲಿ ಪ್ಲಸ್ ಅಥವಾ ಮೈನಸ್ ಹಾಕಿ. ಮೊದಲನೆಯದು ಹೆಚ್ಚಾದರೆ ಎರಡನೆಯದೂ ಹೆಚ್ಚಾಗುವುದಿದ್ದರೆ ಪ್ಲಸ್, ಕಡಿಮೆಯಾಗುವುದಿದ್ದರೆ ಮೈನಸ್.

ನಿಮ್ಮ ಪತ್ರದ ಮೂರು ದೂರುಗಳನ್ನೇ ಹೀಗೆ ಜೋಡಿಸಿ ನೋಡಿ. ಕೊನೆಭಾಗಕ್ಕೆ ಬರುವ ನೀರು ಹೆಚ್ಚಾದರೆ ಕರ ಕಟ್ಟುವವರು ಹೆಚ್ಚು: ಪ್ಲಸ್. ಕರ ಹೆಚ್ಚಾದರೆ ಸಂಘದ ಹಣ ಹೆಚ್ಚು: ಪ್ಲಸ್. ಹಣ ಹೆಚ್ಚಾದರೆ ಕಾಲುವೆಯ ಹೂಳು, ಜಾಲಿ, ಆಪು ಹುಲ್ಲು ಕಡಿಮೆ: ಮೈನಸ್. ಹೂಳು ಹೆಚ್ಚಾದರೆ ಕೊನೆಭಾಗದ ನೀರು ಕಡಿಮೆ: ಮೈನಸ್. ಬಾಣ ಹೊರಟ ಜಾಗಕ್ಕೇ ವಾಪಸ್ ಬಂತು. ಈಗ ಸುತ್ತಿನಲ್ಲಿರುವ ಮೈನಸ್‌ಗಳನ್ನು ಎಣಿಸಿ. ಎರಡು, ಸಮ ಸಂಖ್ಯೆ. ಸಮ ಸಂಖ್ಯೆ ಬಂದರೆ, ಅಥವಾ ಮೈನಸ್ಸೇ ಇಲ್ಲದಿದ್ದರೆ, ಅದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಸುತ್ತು. ಕೆಡುವ ದಾರಿ ಹಿಡಿದರೆ ಕೆಡುತ್ತಲೇ ಹೋಗುತ್ತದೆ, ಸುಧಾರಿಸುವ ದಾರಿ ಹಿಡಿದರೆ ಸುಧಾರಿಸುತ್ತ ಹೋಗುತ್ತದೆ. ನೀವು ಮೂರು ಬೇರೆ ಬೇರೆ ದೂರು ಎಂದು ಬರೆದದ್ದು ಒಂದೇ ಚಕ್ರದ ಮೂರು ಹಲ್ಲು.

ಬೆಸ ಸಂಖ್ಯೆ ಬಂದರೆ ಅದು ತಡೆಯುವ ಸುತ್ತು, ಎಲ್ಲಿಂದ ಹೊರಟಿತೋ ಅಲ್ಲಿಗೇ ಎಳೆದು ತರುವಂಥದ್ದು. ಅದಕ್ಕೂ ನಿಮ್ಮ ಕಡೆಯದೇ ಉದಾಹರಣೆ ಇದೆ. ಕೊನೆಭಾಗದ ನೀರು ಕಡಿಮೆಯಾದರೆ ರಸ್ತೆ ತಡೆ ಹೆಚ್ಚು. ರಸ್ತೆ ತಡೆ ಹೆಚ್ಚಾದರೆ ಅಧಿಕಾರಿಗಳ ಮೇಲೆ ಒತ್ತಡ ಹೆಚ್ಚು. ಒತ್ತಡ ಹೆಚ್ಚಾದರೆ ಗೇಜ್ ಹೆಚ್ಚು, ನೀರು ಹೆಚ್ಚು. ನೀರು ಬಂದ ಮೇಲೆ ಹೋರಾಟ ಮುಗಿಯುತ್ತದೆ, ಒತ್ತಡ ಇಳಿಯುತ್ತದೆ, ಗೇಜೂ ಇಳಿಯುತ್ತದೆ. ಒಂದೇ ಮೈನಸ್. ಹೋರಾಟ ಬೇಡ ಎಂದು ನಾನು ಹೇಳುತ್ತಿಲ್ಲ, ಬೆಳೆ ಒಣಗುವಾಗ ರಸ್ತೆಗಿಳಿಯದೆ ಬೇರೆ ದಾರಿ ಇರುವುದಿಲ್ಲ. ಪ್ರತಿ ವರ್ಷ ಅದೇ ತಿಂಗಳು ಅದೇ ಕ್ರಾಸಿನಲ್ಲಿ ಯಾಕೆ ಕೂರಬೇಕಾಗುತ್ತದೆ ಎಂಬುದನ್ನು ಈ ಸುತ್ತು ತೋರಿಸುತ್ತದೆ. ಹೂಳಿನ ಸುತ್ತಿಗೆ ಇದು ಎಲ್ಲೂ ತಾಗುವುದಿಲ್ಲ.

ಇನ್ನು ಮೇಲ್ಭಾಗದವರ ಸಂಗತಿ. ತುಂಗಭದ್ರಾ ಯೋಜನೆಯನ್ನು ಜೋಳ, ಶೇಂಗಾ, ಹತ್ತಿಯಂಥ ಅರೆ ನೀರಾವರಿ ಬೆಳೆಗಳನ್ನೇ ಮುಖ್ಯವಾಗಿ ಲೆಕ್ಕಕ್ಕೆ ಹಿಡಿದು ಮಾಡಿದ್ದು, ನೆಲ್ಲಿಗೆ ಗೊತ್ತುಪಡಿಸಿದ ಜಾಗ ಕಡಿಮೆ. ಮೇಲ್ಭಾಗದವರು ನೆಲ್ಲು ಹಚ್ಚಿದರು, ನಮಗೆ ನೀರಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿಗೆ ಬಾಣ ನಿಲ್ಲಿಸಬೇಡಿ. ಅವರು ಯಾಕೆ ನೆಲ್ಲು ಹಚ್ಚುತ್ತಾರೆ ಎಂದು ಬಾಣವನ್ನು ಹಿಂದಕ್ಕೆ ಎಳೆಯಿರಿ. ಒಬ್ಬ ನೆಲ್ಲು ಹಚ್ಚಿದರೆ ಅವನ ಮಡಿಯ ಬಸಿನೀರು ಪಕ್ಕದ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಎರೆಭೂಮಿ, ನೀರು ಬೇಗ ಇಂಗುವುದಿಲ್ಲ, ಹತ್ತಿಯ ಬೇರು ಕೊಳೆಯುತ್ತದೆ. ಹತ್ತಿ ಹೋದವನು ಮುಂದಿನ ವರ್ಷ ತಾನೂ ನೆಲ್ಲು ಹಚ್ಚುತ್ತಾನೆ. ಅವನ ಬಸಿನೀರು ಅದರ ಕೆಳಗಿನವನಿಗೆ. ಇದರಲ್ಲಿ ಮೈನಸ್ ಎರಡು: ಬಸಿನೀರು ಹೆಚ್ಚಾದಂತೆ ಹತ್ತಿಯ ಇಳುವರಿ ಕಡಿಮೆ, ಹತ್ತಿಯ ಇಳುವರಿ ಕಡಿಮೆಯಾದಂತೆ ನೆಲ್ಲು ಹೆಚ್ಚು. ಮತ್ತೆ ಬೆಳೆಯುವ ಸುತ್ತು. ಇದರ ಜೊತೆ ಲೀಜು. ಹೊಲ ಲೀಜಿಗೆ ಮಾಡುವ ಎಷ್ಟೋ ಜನ ಮಾಲೀಕರಿಗೆ ಎಕರೆಗೆ ಇಂತಿಷ್ಟು ಚೀಲ ನೆಲ್ಲು ಎಂದು ಒಪ್ಪಿಕೊಂಡಿರುತ್ತಾರೆ. ಚೀಲದ ಲೆಕ್ಕಕ್ಕೆ ಒಪ್ಪಿದವನು ಜೋಳ ಹೇಗೆ ಬಿತ್ತುತ್ತಾನೆ? ಮತ್ತೊಂದು ಬಾಣ ಭಯದ್ದು. ನಾಳೆ ನೀರು ಬರುತ್ತದೋ ಇಲ್ಲವೋ ಎಂಬ ಭಯ ಇವತ್ತು ಬೇಕಾದ್ದಕ್ಕಿಂತ ಹೆಚ್ಚು ನಿಲ್ಲಿಸಿಕೊಳ್ಳುವಂತೆ ಮಾಡುತ್ತದೆ, ಅದರಿಂದ ಕೆಳಗಿನವನ ನಾಳೆ ಇನ್ನಷ್ಟು ಅನಿಶ್ಚಿತವಾಗುತ್ತದೆ, ಅವನೂ ಸಿಕ್ಕಾಗ ಹಾಗೇ ಮಾಡುತ್ತಾನೆ.

ಇದೇ ಚಿತ್ರದಲ್ಲಿ ಒಂದು ಬಾಣ ಬಹಳ ನಿಧಾನದ್ದು. ಮಿತಿ ಮೀರಿ ನಿಲ್ಲಿಸಿದ ನೀರು ನೆಲದಡಿಯ ನೀರಿನ ಮಟ್ಟವನ್ನು ಮೇಲಕ್ಕೆ ತರುತ್ತದೆ, ಅದರ ಜೊತೆ ಉಪ್ಪೂ ಏರುತ್ತದೆ, ಹೊಲ ಸವಳು-ಜವಳು ಆಗುತ್ತದೆ. ವರ್ಷಗಟ್ಟಲೆ ತಡವಾಗಿ ಮುಟ್ಟುವ ಇಂಥ ಬಾಣದ ನಡುವೆ ಎರಡು ಅಡ್ಡಗೆರೆ ಹಾಕುವುದು ರೂಢಿ. ನೀವೂ ಹಾಕಿ, ಮರೆಯಬೇಡಿ. ಗಂಗಾವತಿ ಸುತ್ತಮುತ್ತ ಉಪ್ಪು ಬಿಳಿಚಿಕೊಂಡ ಹೊಲಗಳನ್ನು ನೋಡಿದವರಿಗೆ ಆ ಎರಡು ಗೆರೆ ಏನು ಹೇಳುತ್ತವೆ ಎಂದು ಗೊತ್ತು. ಕೊನೆಭಾಗದವರು ಬಾಯಾರಿ ಸೋಲುತ್ತಾರೆ, ಮೇಲ್ಭಾಗದವರು ಮುಳುಗಿ ಸೋಲುತ್ತಾರೆ. ಒಂದೇ ಹಾಳೆಯ ಮೇಲೆ ಇವೆರಡೂ ಕಂಡಾಗ ಮೇಲ್ಭಾಗದವರ ಜೊತೆ ಆಡುವ ಮಾತಿನ ಧಾಟಿ ಬದಲಾಗುತ್ತದೆ. ಕಳ್ಳರು ಎಂದು ಕರೆಸಿಕೊಂಡ ಯಾರೂ ಸಭೆಗೆ ಬರುವುದಿಲ್ಲ. ನಿಮ್ಮ ಹೊಲ ಜವಳಾಗುತ್ತಿದೆಯಲ್ಲ, ಬಸಿಗಾಲುವೆ ವಿಚಾರ ಮಾತಾಡೋಣ ಬರ್ರಿ ಎಂದರೆ ಬಂದಾರು.

ಚಿತ್ರದ ಸುತ್ತ ಒಂದು ಚುಕ್ಕಿಗೆರೆ ಎಳೆದು, ಒಳಗೆ ಯಾವುದು ಹೊರಗೆ ಯಾವುದು ಎಂದು ತೀರ್ಮಾನಿಸಬೇಕಾಗುತ್ತದೆ. ಎಲ್ಲವನ್ನೂ ಒಳಗೆ ತಂದರೆ ಹಾಳೆ ಕಪ್ಪಾಗುತ್ತದೆ, ಏನೂ ಕಾಣುವುದಿಲ್ಲ. ನಿಮ್ಮ ಸಂಘ ಏನಾದರೂ ಮಾಡಬಲ್ಲಂಥದ್ದು ಒಳಗಿರಲಿ, ತಟ್ಟುತ್ತದೆ ಆದರೆ ನಿಮ್ಮ ಕೈಯಲ್ಲಿಲ್ಲ ಎನ್ನುವಂಥದ್ದು ಹೊರಗಿರಲಿ: ಮಲೆನಾಡಿನ ಮಳೆ, ನೆಲ್ಲಿನ ಬೆಲೆ, ಜಲಾಶಯದ ಹೂಳು. ಆದರೆ ಗೆರೆ ಎಳೆದ ಮೇಲೆ ಯಾರನ್ನು ಹೊರಗಿಟ್ಟೆವು ಎಂದು ಒಮ್ಮೆ ಕೇಳಿಕೊಳ್ಳಿ. ರಾಯಚೂರು ನಗರದ ಕುಡಿಯುವ ನೀರಿನ ಒಂದು ಪಾಲು ಇದೇ ಕಾಲುವೆಯಿಂದ ಗಣೇಕಲ್ ಜಲಾಶಯದ ಕಡೆಯಿಂದ ಬರುತ್ತದೆ. ಲೀಜು ರೈತನ ಹೆಸರು ಸಂಘದ ಪುಸ್ತಕದಲ್ಲಿ ಇರುವುದಿಲ್ಲ, ಪಹಣಿಯಲ್ಲಿ ಇರುವುದು ಮಾಲೀಕನ ಹೆಸರು. ಆದರೆ ತೂಬು ತೆರೆಯುವ ಕೈ ಲೀಜಿನವನದು. ಅವನನ್ನು ಬಿಟ್ಟು ಬರೆದ ಚಿತ್ರ ಯಾವ ಕೆಲಸಕ್ಕೂ ಬಾರದು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪೀಟರ್ ಚೆಕ್‌ಲ್ಯಾಂಡ್ ಬಳಕೆಗೆ ತಂದ ‘ರಿಚ್ ಪಿಕ್ಚರ್’ ಎಂಬ ಪದ್ಧತಿಯಲ್ಲಿ ಜನರನ್ನು, ಅವರ ಚಿಂತೆಗಳನ್ನು, ಜಗಳಗಳನ್ನು ಗೊಂಬೆಯಂಥ ಗುರುತುಗಳಲ್ಲಿ ಒಂದೇ ಹಾಳೆಯ ಮೇಲೆ ತುಂಬುತ್ತಾರೆ. ನಿಯಮವಿಲ್ಲದ ಚಿತ್ರ ಅದು. ಯಾರು ಒಳಗಿರಬೇಕು ಎಂಬ ಗೊಂದಲ ಬಂದಾಗ ನಾನು ಅದಕ್ಕೆ ಮೊರೆ ಹೋಗುತ್ತೇನೆ.

ಚಿತ್ರ ಮುಗಿಯಿತು ಅನ್ನಿಸಿದಾಗ ಅದಕ್ಕೆ ಒಪ್ಪದ ಸಂಗತಿ ಹುಡುಕಬೇಕು. 1854ರಲ್ಲಿ ಲಂಡನ್ನಿನ ಸೋಹೊ ಬಡಾವಣೆಯಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಸತ್ತವರನ್ನು ಮನೆ ಮನೆಗೆ ಕಪ್ಪು ಗೆರೆ ಹಾಕಿ ಗುರುತಿಸಿದ ನಕ್ಷೆಯ ಕತೆ ನೀವು ಕೇಳಿರಬಹುದು. ನಕ್ಷೆ ನೋಡುತ್ತಲೇ ಬ್ರಾಡ್ ಸ್ಟ್ರೀಟಿನ ಪಂಪು ಕಾರಣ ಎಂದು ಹೊಳೆಯಿತು ಎಂದು ಹೇಳುವುದುಂಟು, ಅದು ಸರಿಯಲ್ಲ. ಕಾಲರಾ ನೀರಿನಿಂದ ಹರಡುತ್ತದೆ ಎಂದು ಸ್ನೋ 1849ರಲ್ಲೇ ಬರೆದಿದ್ದರು, ನಕ್ಷೆ ಪ್ರಕಟವಾದದ್ದು ಪಂಪಿನ ಹಿಡಿಕೆ ತೆಗೆಸಿದ ಮೇಲೆ. ಅವರ ದೊಡ್ಡತನ ಇರುವುದು ಬೇರೆ ಕಡೆ. ಪಂಪಿನ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಯಾಕೆ ಸಾಯಲಿಲ್ಲ ಎಂದು ಹೋಗಿ ಕೇಳಿದರು. ಅವರು ಆ ಪಂಪಿನ ನೀರು ಕುಡಿಯುತ್ತಲೇ ಇರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಯಾಕೆ ಸತ್ತರು ಎಂದು ಕೇಳಿದರು. ಆಕೆಗೆ ಆ ಪಂಪಿನ ನೀರಿನ ರುಚಿ ಇಷ್ಟ, ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದರು. ನಿಮ್ಮ ನಕ್ಷೆಯಲ್ಲೂ ತಲೆಯಲ್ಲಿದ್ದೂ ನೀರು ಸಿಗದ ಒಂದು ಹೊಲ, ಕೊನೆಯಲ್ಲಿದ್ದೂ ಹಸಿರಾಗಿರುವ ಒಂದು ಹೊಲ ಇದ್ದೇ ಇರುತ್ತದೆ. ಅವೆರಡರ ಬದುವಿನ ಮೇಲೆ ಹೋಗಿ ನಿಲ್ಲಿ. ಎತ್ತರವೋ, ಒಡೆದ ತೂಬೋ, ರಾತ್ರಿಯ ನೀರೋ, ನೆಂಟಸ್ತಿಕೆಯೋ, ಕಾರಣ ಅಲ್ಲೇ ಸಿಗುತ್ತದೆ.

ಒಂದು ಎಚ್ಚರಿಕೆ, ನನ್ನದೇ ತಪ್ಪಿನಿಂದ ಕಲಿತದ್ದು. ಶುರುವಿನ ವರ್ಷಗಳಲ್ಲಿ ಒಂದು ಊರಿನ ನೀರಿನ ಸಮಸ್ಯೆಯನ್ನು ಎರಡು ವಾರ ಕೂತು ಕಂಪ್ಯೂಟರಿನಲ್ಲಿ ಬಣ್ಣಬಣ್ಣವಾಗಿ ಬರೆದು, ಫ್ಲೆಕ್ಸ್ ಮಾಡಿಸಿಕೊಂಡು ಹೋಗಿ ಗೋಡೆಗೆ ಹಚ್ಚಿದೆ. ಎಲ್ಲರೂ ಬಂದು ನೋಡಿದರು, ಚೆನ್ನಾಗಿದೆ ಎಂದರು, ಚಹಾ ಕುಡಿದು ಹೋದರು. ಒಬ್ಬರೂ ಒಂದು ಬಾಣವನ್ನೂ ತಪ್ಪು ಎನ್ನಲಿಲ್ಲ. ಅದರಲ್ಲಿ ಒಂದು ತೂಬು ಹಳ್ಳದ ಆಚೆ ಇರಬೇಕಾದದ್ದು ಈಚೆ ಇತ್ತು ಎಂದು ನನಗೆ ಗೊತ್ತಾದದ್ದು ತಿಂಗಳಾದ ಮೇಲೆ. ಊರಿನ ಎಲ್ಲರಿಗೂ ಅದು ಗೊತ್ತಿತ್ತು. ಅಚ್ಚಾದ ಮೇಲೆ ಹೇಳಿ ಏನು ಪ್ರಯೋಜನ ಎಂದು ಸುಮ್ಮನಿದ್ದರು. ಆ ಎರಡು ವಾರದಲ್ಲಿ ಕಲಿತವನು ನಾನೊಬ್ಬನೇ, ಯಾಕೆಂದರೆ ಬರೆದವನು ನಾನೊಬ್ಬನೇ. ಅಂದಿನಿಂದ ಅಳಿಸಲಾಗದ ಯಾವುದನ್ನೂ ನಾನು ಸಭೆಗೆ ಒಯ್ಯುವುದಿಲ್ಲ. ಸೀಮೆಸುಣ್ಣ, ಇದ್ದಿಲು, ಪೆನ್ಸಿಲ್ ಅಷ್ಟೇ. ಸೀಮೆಸುಣ್ಣ ನಿಮ್ಮ ಕೈಯಲ್ಲೂ ಬಹಳ ಹೊತ್ತು ಇರಬಾರದು. ‘ಹಂಗಲ್ರಿ ಅದು’ ಎಂದು ಯಾರು ಅಂದರೋ ಅವರ ಕೈಗೆ ಕೊಟ್ಟುಬಿಡಿ.

ಸಣ್ಣಪುಟ್ಟ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು ಚಿತ್ರದಲ್ಲಿ ಬಾಣಕ್ಕೆ ಒಂದೇ ಅರ್ಥ ಇರಲಿ, ನೀರು ಹರಿಯುವ ಬಾಣವನ್ನೂ ಕಾರಣದ ಬಾಣವನ್ನೂ ಬೆರೆಸಬೇಡಿ. ಹತ್ತು ಹನ್ನೆರಡು ವೃತ್ತ ಮೀರಿದರೆ ಚಿತ್ರ ಎರಡು ಮಾಡಿ. ಒಂದೇ ಚಿತ್ರವನ್ನು ಮೂರು ನಾಲ್ಕು ಸಲ ಬರೆಯಲು ಬೇಸರಪಡಬೇಡಿ, ಮೊದಲನೆಯದು ಯಾವತ್ತೂ ನಮ್ಮ ಸಿಟ್ಟಿನ ಚಿತ್ರವೇ ಆಗಿರುತ್ತದೆ. ಹಳೆಯ ಹಾಳೆಗಳನ್ನು ಹರಿಯಬೇಡಿ, ತಾರೀಕು ಹಾಕಿ ಇಡಿ. ನೆಲದ ಮೇಲೆ ಬರೆದದ್ದನ್ನು ಅಳಿಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಾರೊಬ್ಬರ ಹೆಸರನ್ನೂ ವೃತ್ತದೊಳಗೆ ಬರೆಯಬೇಡಿ, ಹೆಸರು ಬಿದ್ದ ಕೂಡಲೇ ಅದು ಚಿತ್ರವಾಗಿ ಉಳಿಯದೆ ದೂರಿನ ಅರ್ಜಿಯಾಗುತ್ತದೆ.

ಎರಡನೇ ಬೆಳೆಯ ನೀರು ನಿಂತು ಕಾಲುವೆ ಒಣಗಿದ ಮೇಲೆ, ಏಪ್ರಿಲ್ ಮೇ ಬಿಸಿಲು ಏರುವ ಮೊದಲಿನ ಒಂದು ಬೆಳಿಗ್ಗೆ, ಒಂದು ನೋಟ್‌ಬುಕ್ಕು ಪೆನ್ಸಿಲ್ ಹಿಡಿದು ಉಪಕಾಲುವೆಯ ತಲೆಯಿಂದ ಕೊನೆಯವರೆಗೆ ಕಾಲುವೆಯ ಒಳಗೇ ನಡೆದು ಬನ್ನಿ. ಗ್ಯಾಂಗ್‌ಮನ್ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನಿಮ್ಮ ಕಡೆ ಇದ್ದೇ ಇರುತ್ತಾರೆ, ಅವರನ್ನು ಕರೆದುಕೊಳ್ಳಿ. ಲೀಜಿಗೆ ಮಾಡುವ ಒಬ್ಬರು, ನಾಟಿಗೆ ಹೋಗುವ ಹೆಂಗಸರಿಬ್ಬರು ಜೊತೆಗಿರಲಿ. ನೀರು ಇದ್ದಾಗ ಕಾಣದ ಹೂಳಿನ ದಿಬ್ಬ, ಗೋಡೆಗೆ ಕೊರೆದ ತೂತು, ಮುರಿದ ಗೇಟು ಎಲ್ಲ ಆಗ ಬರಿಗಣ್ಣಿಗೆ ಕಾಣುತ್ತವೆ. ಪ್ರತಿ ತೂಬಿನ ಹತ್ತಿರ ನಿಂತು ಗೆರೆಯ ಮೇಲೊಂದು ಗುರುತು ಹಾಕುತ್ತ ಬನ್ನಿ. ಸಂಜೆ ಗುಡಿಯ ಕಟ್ಟೆಯ ಮೇಲೆ ಅದನ್ನು ದೊಡ್ಡದಾಗಿ ಬರೆದು, ಇದು ಸರಿಯಿದೆಯೇ ನೋಡ್ರಿ ಎಂದು ಸೀಮೆಸುಣ್ಣ ಪಕ್ಕದಲ್ಲಿಟ್ಟು ಸುಮ್ಮನೆ ಕೂತುಕೊಳ್ಳಿ.